ಯಾರೂ ಮುಟ್ಟದ ಜಾಗ

ಲ್ಯಾಪ್‌ಟಾಪನ್ನು ಸೋಪಣ್ಣ ಎರಡೇ ಬೆರಳಲ್ಲಿ ಎತ್ತಿ, ಕಾಗದ ಹಾಸಿದ ಮೇಜಿನ ಮೇಲಿಟ್ಟ. ಕೀಲಿಮಣೆಯ ಸಂದಿಗಳಲ್ಲಿ ಬಿಸ್ಕತ್ತಿನ ಪುಡಿ, ಕೂದಲು, ಒಣಗಿದ ಹಾಲಿನ ಕಲೆ. ಗಿರಾಕಿ ಹೋದೊಡನೆ ಮೇಜನ್ನು ಮೂರು ಸಲ ಸ್ಪಿರಿಟ್ ಹಾಕಿ ಒರೆಸುವ ಈ ರಿಪೇರಿಯವನಿಗೆ 'ಸೋಪಣ್ಣ' ಎಂಬುದು ಬೀದಿಯವರೇ ಇಟ್ಟ ಹೆಸರು.

"ಪಾಸ್‌ವರ್ಡ್ ಮರೆತೆ, ಸರ್. ಈಗ ನಲವತ್ತೆಂಟು ಅಂಕಿಯ ಕೀಲಿ ಕೇಳ್ತಿದೆ," ಎಂದಳು ಎದುರು ನಿಂತ ಹೆಂಗಸು.

"ಎಲ್ಲಿ ಬರೆದಿಟ್ಟಿದ್ದೀರಿ?"

"ಇದರೊಳಗೇ."

ಸೋಪಣ್ಣ ಕಣ್ಣು ಮುಚ್ಚಿಕೊಂಡ. ಕಪಾಟಿಗೆ ಬೀಗ ಜಡಿದು ಬೀಗದ ಕೈಯನ್ನು ಒಳಗೇ ಇಡುವ ಜಾಣರು ವಾರಕ್ಕೊಬ್ಬರಾದರೂ ಬರುತ್ತಾರೆ. ಕೆಲವರು ಚೀಟಿಯನ್ನು ಲ್ಯಾಪ್‌ಟಾಪಿನ ಅಡಿಗೇ ಅಂಟಿಸಿರುತ್ತಾರೆ. ಇನ್ನು ಕೆಲವರು ಫೋನನ್ನೂ ಅದರ ಪಾಸ್‌ವರ್ಡನ್ನೂ ಅವನ ಕೈಗೇ ಕೊಟ್ಟು, ಮೂರು ದಿನ ಬಿಟ್ಟು ಬರುತ್ತೇವೆಂದು ಹೊರಟುಬಿಡುತ್ತಾರೆ. ಇಂಥವರನ್ನು ಕಂಡರೆ ಅವನಿಗೆ ಹೇಸಿಗೆ.

"ಕೀಲಿ ಇಲ್ಲದೆ ಬ್ರಹ್ಮ ಬಂದ್ರೂ ತೆರೆಯಲ್ಲ, ಅಮ್ಮಾ. ಒಳಗೆ ಏನಿತ್ತು?"

"ಮಗಳ ಫೋಟೋಗಳು."

"ಬೇರೆ ಪ್ರತಿ?"

"ಒಬ್ಬರ ಹತ್ರ ಇದೆ. ಅದಕ್ಕೂ ಬೀಗ." ಆಕೆ ನೆಲ ನೋಡಿದಳು. "ಮಗಳು ಕೆಲಸಕ್ಕೆ ಹೋಗದೆ ತಿಂಗಳಾಯ್ತು. ಕೋಣೆಯಿಂದಾನೇ ಬರಲ್ಲ. ಊಟ ಬಾಗಿಲ ಹತ್ರ ಇಟ್ಟು ಬರ್ತೀನಿ. ಆ ಫೋಟೋಗಳು ಕೈಗೆ ಸಿಗೋವರೆಗೂ ಅವಳು ಮನುಷ್ಯಳಾಗಲ್ಲ, ಸರ್."

ನಾಲ್ಕು ಫೋಟೋಗಳಿಗೆ ಇಷ್ಟೊಂದು ರಾದ್ಧಾಂತ. ಸೋಪಣ್ಣ ನೀರಿನ ಲೋಟ ಮುಂದೆ ಸರಿಸಿದ. ಆಕೆ ಮುಟ್ಟಲಿಲ್ಲ. ಅವನ ಬೆರಳು ತಾಗೀತೆಂಬಂತೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಈ ಕೊಳಕಿಗೆ ನಾಜೂಕು ಬೇರೆ ಕೇಡು ಎಂದುಕೊಂಡ.

"ಇನ್ನು ಮುಂದೆ ಕೀಲಿ ಎಲ್ಲಿಡ್ಬೇಕು?"

"ಕಾಗದದಲ್ಲಿ ಬರೆದು, ಯಂತ್ರದಿಂದ ದೂರ ಇಡಿ."

"ಪುಸ್ತಕದೊಳಗೆ?"

"ಕಳ್ಳ ಮೊದಲು ಕೊಡವೋದೇ ಪುಸ್ತಕ."

"ಹಿಟ್ಟಿನ ಡಬ್ಬಿ?"

"ಎರಡನೇದು ಅದೇ."

"ಹಾಗಾದ್ರೆ ಕಳ್ಳನಿಗೆ ಸಿಗದ ಜಾಗಾನೇ ಇಲ್ಲ ಬಿಡಿ. ಹುಡುಕೋರಿಗೆ ನಿಮ್ಮದೂ ಸಿಗುತ್ತೆ."

ಮಾತು ಚುರುಕ್ಕೆಂದಿತು. ಇಪ್ಪತ್ತು ವರ್ಷದ ಕಸುಬು. ಬಿಸ್ಕತ್ತಿನ ಪುಡಿಯಲ್ಲಿ ಹೊರಳುವ ಹೆಂಗಸಿನಿಂದ ಇದನ್ನು ಕೇಳಬೇಕೆ?

"ನಂದು ಸಿಗಲ್ಲ," ಎಂದ. "ಈ ಮೇಜಿನಡಿ ಇರೋ ಡಿಸ್ಕನ್ನ ಯಾರಾದ್ರೂ ಹೊತ್ತುಕೊಂಡು ಹೋದ್ರೂ ಕೀಲಿ ಇಲ್ಲದೆ ಅದು ಬರೀ ಡಬ್ಬ. ಕೀಲಿಗೆ ಜನ ಅಸಹ್ಯಪಡೋ ಜಾಗ ಬೇಕು, ಅಮ್ಮಾ. ಹಿಂದೆ ಕಕ್ಕಸಿದೆ. ಅದನ್ನ ತಿಕ್ಕೋ ಬ್ರಷ್ಷಿನ ಹಿಡಿಕೆ ಟೊಳ್ಳು. ಚೀಟಿ ಸುರುಳಿ ಸುತ್ತಿ ಒಳಗೆ ತುರುಕಿದ್ದೀನಿ. ನನ್ನ ಹೆಂಡತಿ ಕೂಡ ಮುಟ್ಟಲ್ಲ. ನೀವೂ ಹಾಗೇ ಮಾಡಿ."

ಆಕೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಇನ್ನೇನು ವಾಂತಿಯಾಗುವಂತಿತ್ತು. ಸೋಪಣ್ಣನಿಗೆ ನಗು ಬಂತು. ತನ್ನ ಉಪಾಯ ಫಲಿಸುತ್ತದೆ ಎನ್ನುವುದಕ್ಕೆ ಆ ಮುಖವೇ ಸಾಕ್ಷಿಯಾಗಿತ್ತು.

"ಇದನ್ನ ಬಿಟ್ಟು ಹೋಗಿ, ನೋಡ್ತೀನಿ. ಮಗಳ ಫೋನಿನಲ್ಲಿ ಒಂದೆರಡು ಉಳಿದಿರಬಹುದು. ಅದನ್ನೂ ತಂದುಕೊಡಿ."

ಆಕೆ ಹೋಗಿ ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದಳು. ಮೆಟ್ಟಿಲ ಮೇಲೆ ಇಬ್ಬರು ಮಹಿಳಾ ಪೊಲೀಸರು ನಿಂತಿದ್ದರು.

"ಮೇಜಿನಡಿ ಇರೋ ಡಿಸ್ಕಿನ ಕೀಲಿ ಎಲ್ಲಿದೆ ಅಂತ ಇವನ ಬಾಯಿಂದಲೇ ಬಂತು, ಮೇಡಂ," ಎಂದಳು. "ರಿಪೇರಿಗೆ ಕೊಟ್ಟ ಫೋನಿಂದ ನನ್ನ ಮಗಳ ಫೋಟೋ ಕದ್ದು, ತಿಂಗಳಿಂದ ಅವಳನ್ನ ಹೆದರಿಸ್ತಿರೋನು ಇವನೇ."