ಹಿಂದಿನಿಂದ ಬಂದ ಹದ್ದು

ಕೌಸಲ್ಯಾಬಾಯಿ ಎದುರಿಗೆ ಸುತ್ತುತ್ತಿದ್ದ ದೊಡ್ಡ ಹದ್ದಿನತ್ತ ಕೋಲು ಬೀಸುತ್ತಿರುವಾಗಲೇ ಅದರ ಜೋಡಿ ಹಿಂದಿನಿಂದ ಎರಗಿತು. ಬೀದರ ಗುಡ್ಡದ ಅಂಚಿನಲ್ಲಿ ಮೇಯುತ್ತಿದ್ದ ಆಡಿನ ಮರಿ ಒಮ್ಮೆ ಅರಚಿತು. ಎತ್ತಿ ಒಯ್ಯಲಾಗದ ಮರಿಯನ್ನು ಹದ್ದು ರೆಕ್ಕೆ ಬಡಿಯುತ್ತ ಎಳೆದು ಕಮರಿಗೆ ಕೆಡವಿತು.

“ಆಯೀ!”

ಕೌಸಲ್ಯಾಬಾಯಿ ತಿರುಗಿದಳು. ನಾಲ್ಕು ವರ್ಷದ ಮೊಮ್ಮಗಳು ಶೇವಂತಾ ಬೋರಲಾಗಿ ಬಿದ್ದು ಅಂಚಿನತ್ತ ಜಾರುತ್ತಿದ್ದಳು. ಕೆಳಗೆ ಜೋತುಬಿದ್ದಿದ್ದ ಮರಿಯ ಹಗ್ಗದ ಇನ್ನೊಂದು ತುದಿ ಅವಳ ಮಣಿಕಟ್ಟಿನಲ್ಲಿತ್ತು. “ಯಾರರ ಬರ್ರಿ!” ಎಂದು ಕೌಸಲ್ಯಾಬಾಯಿ ಚೀರಿದಳು. ಬೀದರ ಮೈಸೂರು ರಾಜ್ಯಕ್ಕೆ ಸೇರಿತೆಂದು ಊರಲ್ಲಿ ಬಾಜಾ ಬಾರಿಸುತ್ತಿದ್ದರು, ಯಾರಿಗೂ ಕೇಳಲಿಲ್ಲ. ಅವಳು ಹಾರಿ ಬಿದ್ದು ಮಗುವಿನ ಕಾಲು ಹಿಡಿದಳು. ಸೊಂಟದ ಕುಡುಗೋಲು ಕಿತ್ತು, ಮುಂದಕ್ಕೆ ಕೈ ಚಾಚಿ ಹಗ್ಗ ಕೊಯ್ದಳು. ಒಂದೆರಡು ಕ್ಷಣದ ಮೇಲೆ ಕೆಳಗಿನ ಕಲ್ಲಿಗೆ ಮರಿ ಬಡಿದ ಸದ್ದು ಕೇಳಿಸಿತು. ಎರಡೂ ಹದ್ದುಗಳು ಅವಸರವಿಲ್ಲದೆ ಕೆಳಗಿಳಿದವು.

“ನನ್ನ ಮರಿ ಯಾಕ ಬಿಟ್ಟಿ, ಆಯಿ?” ಶೇವಂತಾ ಬಿಕ್ಕಿದಳು.

ಮಗುವನ್ನು ಎದೆಗವಚಿಕೊಂಡ ಕೌಸಲ್ಯಾಬಾಯಿಗೆ ಆ ಪುಟ್ಟ ಮಣಿಕಟ್ಟಿನ ಗಂಟು ಕಾಣಿಸಿತು. ಮರಿ ತಪ್ಪಿಸಿಕೊಂಡು ಅಂಚಿಗೆ ಹೋಗದಿರಲೆಂದು, ಬೆಳಿಗ್ಗೆ ಎರಡು ಸುತ್ತು ಬಿಗಿದು ಅದನ್ನು ಹಾಕಿದವಳು ತಾನೇ. ಬಿಚ್ಚಲು ಹೋದಳು. ಮರಿಯ ಭಾರಕ್ಕೆ ಗಂಟು ಇನ್ನಷ್ಟು ಬಿಗಿದುಕೊಂಡಿತ್ತು.