ಮೀನಿಗೆ ಕುರಿಯ ಔಷಧ

ಲಾಡ್ಜಿನ ಮಾಲೀಕ ಜಂಬಪ್ಪ ಬಲೆ ಹಿಡಿದು ಬರುವುದಕ್ಕೂ, ಕಸ ಗುಡಿಸುವ ಉಚ್ಚೆಂಗಮ್ಮ ಮೀನಿನ ಗಾಜಿನ ತೊಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದಕ್ಕೂ ಸರಿಹೋಯಿತು. ಒಳಗಿನ ಬಣ್ಣದ ಮೀನುಗಳು ಆರೂ ಬಡಕಲಾಗಿದ್ದವು. ಅವುಗಳ ಹಿಂಭಾಗದಿಂದ ಕೆಂಪು ದಾರದಂಥ ಹುಳಗಳು ಜೋತಾಡುತ್ತಿದ್ದವು.

"ಅತ್ಲಾಗ ಸರಿ. ಹಂಪಿ ನೋಡಾಕ ಬಂದವ್ರು ಇವನ್ನ ಕಂಡು ಅಸಹ್ಯ ಪಡ್ತಾರ. ಕಾಲುವಿಗೆ ಚೆಲ್ಲಿ ಬರ್ತೀನಿ," ಎಂದ ಜಂಬಪ್ಪ.

"ಬಿಡಂಗಿಲ್ರಿ. ಜಂತು ಬಿದ್ರ ಕುರಿನ ಯಾರರ ಚೆಲ್ತಾರೇನು? ದನದ ದವಾಖಾನಿ ಕಂಪೌಂಡರಿಗೆ ಈ ನೀರಿನ ಲೆಕ್ಕ ಹೇಳಿ, ಕುರಿಗೆ ಹಾಕೋ ಪುಡಿ ತೂಗಿಸಿಕೊಂಡು ಬಂದೀನಿ. ಮುಂಜಾನಿನೇ ಹಾಕೀನಿ."

"ನನ್ನ ಕೇಳಲಾರದ? ಕೆಲಸ ಬ್ಯಾಡೇನು ನಿನಗ?"

"ಕೆಲಸ ಬಿಡಸ್ರಿ. ಮೀನು ಮಾತ್ರ ಮುಟ್ಟಬ್ಯಾಡ್ರಿ." ಉಚ್ಚೆಂಗಮ್ಮ ಎರಡೂ ಕೈ ಹಿಂದಕ್ಕೆ ಚಾಚಿ ಗಾಜನ್ನು ತಬ್ಬಿದಂತೆ ನಿಂತಳು. ಕಣ್ಣು ಕೆಳಗಿಳಿಸಲಿಲ್ಲ.

ಅವಳ ತಲೆಯ ಮೇಲಿಂದ ಬಲೆ ಚಾಚಿದ ಜಂಬಪ್ಪ ಹಾಗೇ ನಿಂತುಬಿಟ್ಟ. ದೊಡ್ಡ ಮೀನಿನ ಮೈಯಿಂದ ಒಂದು ಹುಳ ಕಳಚಿ ತಳದ ಮರಳಿಗೆ ಇಳಿಯಿತು. ಹಿಂದೆಯೇ ಇನ್ನೆರಡು.

ಅವನ ಮುಖ ನೋಡಿದ ಉಚ್ಚೆಂಗಮ್ಮ ಹಿಂತಿರುಗದೆಯೇ ಕೇಳಿದಳು: "ಬಿದ್ದವೇನ್ರಿ?"

ಜಂಬಪ್ಪ ಬಲೆ ಇಳಿಸಿದ.

"ನಾಳೆ ತಳ ತೊಳದು ನೀರು ಬದಲಸಬೇಕು. ನೀವೂ ತೋಳು ಏರಿಸ್ಕೊಂಡು ಬರ್ರಿ," ಎಂದಳು.