ಮೆಟ್ಟಿಲ ಮೇಲಿನ ಬೀರು

ಮೊದಲ ಮಹಡಿಗೂ ಎರಡನೆಯದಕ್ಕೂ ನಡುವಿನ ತಿರುವಿನಲ್ಲಿ ಬೀರು ಸಿಕ್ಕಿಕೊಂಡಾಗ ಗಂಟೆ ಎಂಟೂವರೆ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಂಬಿ, ನಡುವೆ ಆ ಮರದ ಬೀರು ಹಲ್ಲು ಕಚ್ಚಿ ನಿಂತುಬಿಟ್ಟಿತ್ತು. ಸಾಮಾನಿನವರು ಕೆಳಗಿನಿಂದ ದಬ್ಬಿದರು, ಟೈಲರ್ ಮೇಲಿನಿಂದ ಎಳೆದ. ಅದು ಜಪ್ಪಯ್ಯ ಅನ್ನಲಿಲ್ಲ. "ಇದು ಮೇಲೂ ಹೋಗಲ್ಲ, ಕೆಳಗೂ ಬರಲ್ಲ ಸಾರ್. ನಮಗೆ ಇನ್ನೊಂದು ಮನೆ ಸಾಮಾನಿದೆ" ಎಂದು ಅವರು ಕಾಲಿಗೆ ಬುದ್ಧಿ ಹೇಳಿದರು.

"ಅಳತೆ ತಗೊಳ್ರೀ ಅಂದೆ. ಕಣ್ಣಳತೆ ಸಾಕು ಅಂದ್ರಿ. ಊರವರ ಸೊಂಟ ಅಳೆಯೋರಿಗೆ ಒಂದು ಮೆಟ್ಟಿಲು ಅಳೆಯೋಕಾಗ್ಲಿಲ್ಲ," ಎಂದಳು ಹೆಂಡತಿ. ಅವಳು ನರ್ಸು. ಒಂಬತ್ತಕ್ಕೆ ಹೊಸ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿಕೊಳ್ಳಬೇಕು. ಇಸ್ತ್ರಿ ಮಾಡಿದ ಯೂನಿಫಾರ್ಮು ತೊಟ್ಟು ಅವಳು ಬೀರುವಿನ ಈಚೆ, ರಸ್ತೆ ಆಚೆ. ಬೈಯುತ್ತಾ ನಿಲ್ಲುವ ಪೈಕಿಯಲ್ಲ ಅವಳು. ಬೀರುವಿನ ಬಾಗಿಲು ತೆರೆದು ಒಳಗೆ ಹೊಕ್ಕವಳೇ ಹಿಂಬದಿಯ ತೆಳು ಹಲಗೆಗೆ ಒಂದು ಒದೆ ಕೊಟ್ಟಳು. ಮೊಳೆ ಕಿತ್ತು ಹಲಗೆ ಆಚೆ ಬಿತ್ತು.

"ಅಯ್ಯೋ, ನಿನ್ನ ತವರಿನ ಬೀರು ಕಣೇ!"

"ಅದಕ್ಕೇ ಒದ್ದೆ. ನಿಮ್ಮ ಕಡೆಯದಾಗಿದ್ರೆ ಒದೀತಿದ್ನಾ? ಗುಂಡಿಗೆ ಹತ್ತು ಗಂಟೆಗೆ ಹಾಲು ಕೊಡಿ," ಎಂದು ಬೀರುವಿನ ಆಚೆಯಿಂದ ಕೈಬೀಸಿ ಇಳಿದುಹೋದಳು.

ಟೈಲರ್ ಮೆಟ್ಟಿಲ ಮೇಲೆ ಕುಕ್ಕರಿಸಿದ. ಪಕ್ಕದಲ್ಲಿ ಅವನ ನಾಲ್ಕು ವರ್ಷದ ಮಗಳು. ಕೋಟಿನ ಗುಂಡಿಯಂಥ ದುಂಡು ಮುಖ, ಅದಕ್ಕೇ ಆ ಹೆಸರು. ಹೆಂಡತಿಗೆ ವರ್ಗವಾಯಿತೆಂದು ಹತ್ತು ವರ್ಷದ ಅಂಗಡಿಯ ಬಾಗಿಲು ಹಾಕಿ ಬಂದಿದ್ದ. ಇಲ್ಲಿ ಕರವಸ್ತ್ರದ ಅಂಚು ಮಡಿಸಲು ಕೊಡುವಷ್ಟು ಪರಿಚಯದವರೂ ಇರಲಿಲ್ಲ. "ಹೆಂಡತಿ ಸೆರಗು ಹಿಡ್ಕೊಂಡು ಹೊರಟ್ಯಾ?" ಎಂದು ಹಳೆ ಊರಲ್ಲಿ ಯಾರೋ ಕೇಳಿದ್ದರು. ಅವನೂ ನಕ್ಕಿದ್ದ. ಆದರೆ ಬಟ್ಟೆಯೊಳಗೆ ಮರೆತ ಗುಂಡುಸೂಜಿಯ ಹಾಗೆ ಆ ಮಾತು ಆಗಾಗ ಚುಚ್ಚುತ್ತಿತ್ತು.

ಅಷ್ಟರಲ್ಲಿ ಮೂರನೇ ಮಹಡಿಯಿಂದ ಸೂಟು ತೊಟ್ಟ ಹಿರಿಯರೊಬ್ಬರು ಇಳಿದು ಬಂದರು. "ಯಾರ್ರೀ ಇದನ್ನ ಇಲ್ಲಿ ನಿಲ್ಲಿಸಿದ್ದು? ನಾನು ಈ ಕಟ್ಟಡದ ಸೆಕ್ರೆಟರಿ. ಒಂದು ಗಂಟೆಯೊಳಗೆ ಇದು ಇಲ್ಲಿರಬಾರ್ದು!" ಎಂದು ಗುಡುಗಿ, ಬೇರೆ ದಾರಿಯಿಲ್ಲದೆ ಬೀರುವಿನೊಳಗೆ ಕಾಲಿಟ್ಟರು. ಹ್ಯಾಂಗರಿನ ಕಂಬಿ ತಲೆಗೆ ತಾಗದಂತೆ ಬಗ್ಗಿದರು.

ಪರ್ರ್!

ಸೆಕ್ರೆಟರಿ ಬಗ್ಗಿದವರು ಬಗ್ಗಿದಂತೆಯೇ ನಿಂತರು. ಟೈಲರನ ಕಿವಿ ನೆಟ್ಟಗಾಯಿತು. "ಹೆದರ್ಬೇಡಿ ಸಾರ್, ಬಟ್ಟೆ ಹರಿದಿಲ್ಲ. ಬಟ್ಟೆ ಸದ್ದೇ ಬೇರೆ. ಹೊಲಿಗೆ ಬಿಟ್ಟಿದೆ ಅಷ್ಟೆ. ಪ್ಯಾಂಟು ಬಿಚ್ಚಿಕೊಡಿ, ಹತ್ತು ನಿಮಿಷ."

"ಇಲ್ಲೇನಾ? ಮೆಟ್ಟಿಲ ಮೇಲಾ?"

"ಬೀರು ಇದೆಯಲ್ಲ ಸಾರ್."

ಸೆಕ್ರೆಟರಿ ಕೈಗಡಿಯಾರ ನೋಡಿಕೊಂಡರು. ಆಮೇಲೆ ಬಿದ್ದಿದ್ದ ಹಲಗೆಯನ್ನು ಎಳೆದು ಹಿಂಬದಿಗೆ ಒರಗಿಸಿಕೊಂಡರು. ಟೈಲರ್ ಮುಂದಿನ ಬಾಗಿಲು ಮುಚ್ಚಿದ. ಸಂದಿಯಿಂದ ಪ್ಯಾಂಟು ಹೊರಗೆ ಬಂತು. ಅವನು ಕಾಲರಿನ ಹಿಂದೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದ.

"ಒಳಗಡೆ ಒಂದಿಂಚು ಬಟ್ಟೆ ಬಿಟ್ಟಿದ್ದಾನೆ ನಿಮ್ಮ ಟೈಲರ್. ಪುಣ್ಯಾತ್ಮ. ಸೊಂಟಾನೂ ಸಡಿಲ ಮಾಡ್ತೀನಿ."

"ಅವನು ಊರು ಬಿಟ್ಟು ಮೂರು ವರ್ಷ ಆಯ್ತು," ಎಂದಿತು ಬೀರು. "ಆಮೇಲೆ ಸರಿಯಾದ ಒಬ್ಬ ಸಿಗಲಿಲ್ಲ. ಇವತ್ತು ನಾನು ಆಫೀಸಿಂದ ರಿಟೈರ್ ಆಗ್ತಿದೀನಿ ಕಣ್ರೀ. ಬೀಳ್ಕೊಡುಗೆ ಅಂತೆ, ಭಾಷಣ ಅಂತೆ. ಮೂವತ್ತನಾಲ್ಕು ವರ್ಷ ಕೂತು ಫೈಲು ನೋಡಿದೋನಿಗೆ ನಿಂತು ಮಾತಾಡೋದು ಎಲ್ಲಿ ಬರುತ್ತೆ? ಚೀಟಿ ಬರ್ಕೊಂಡಿದೀನಿ. ಓದ್ಲಾ?"

"ಓದಿ ಸಾರ್. ಕೈಗೆ ಕೆಲಸ, ಕಿವಿ ಖಾಲಿ."

ಬೀರು ಭಾಷಣ ಓದತೊಡಗಿತು. ಗುಂಡಿ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಮೊದಲ ಪುಟದಲ್ಲಿ ದನಿ ಗಡುಸಾಗಿತ್ತು. ಎರಡನೆಯದರಲ್ಲಿ, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದೇ ತಿಳಿಯದು ಎಂಬಲ್ಲಿಗೆ ಬಂದು ನಿಂತುಹೋಯಿತು.

ಹೊಲಿಗೆ ಆಗಲೇ ಮುಗಿದಿತ್ತು. ಆದರೂ ಟೈಲರ್ ಪ್ಯಾಂಟನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಹೇಳಿದ, "ಇನ್ನೊಂದು ಸುತ್ತು ದಾರ ಹಾಕ್ತೀನಿ ಸಾರ್. ನಿಧಾನ." ಸೂಜಿಯನ್ನು ಕಾಲರಿಗೆ ಸಿಕ್ಕಿಸುತ್ತಾ, "ನಾನೂ ಅಂಗಡಿ ಮುಚ್ಚಿ ಇವತ್ತಿಗೆ ಮೂರನೇ ದಿನ. ಕೈಗೆ ಏನೂ ಕೆಲಸ ಇಲ್ದೆ ಇರೋದು ಕಷ್ಟ," ಎಂದ. ಒಳಗಿನಿಂದ ಮೂಗೊರೆಸಿಕೊಂಡ ಸದ್ದು. ಗುಂಡಿ ಚಪ್ಪಾಳೆ ತಟ್ಟಿದಳು. ಬೀರುವಿನೊಳಗೆ ಯಾರೋ ನಕ್ಕರು.

ಪ್ಯಾಂಟು ತೊಟ್ಟ ಸೆಕ್ರೆಟರಿ ಹೊರಬಂದು ಒಮ್ಮೆ ಕೂತರು, ಒಮ್ಮೆ ಎದ್ದರು. "ಉಸಿರಾಡೋಕಾಗುತ್ತಲ್ರೀ!" ಎಂದರು. ಮತ್ತೆ ಬೀರುವಿನೊಳಗೆ ತೂರಿ ಆಚೆ ದಾಟಿದರು. ಅಲ್ಲಿ ತರಕಾರಿ ಚೀಲ ಹಿಡಿದು ದಾರಿ ಕಾಯುತ್ತಿದ್ದ ಎರಡನೇ ಮಹಡಿಯ ಆಂಟಿಗೆ ತಾವಾಗಿಯೇ ಹಿಂದೆ ತಿರುಗಿ ಹೊಲಿಗೆ ತೋರಿಸಿದರು. "ನೋಡಿ, ಹರಿದಿತ್ತು ಅಂತ ಹೇಳೋಕಾಗುತ್ತಾ? ಟೈಲರ್ ನಮ್ಮ ಕಟ್ಟಡಕ್ಕೇ ಬಂದಿದ್ದಾರೆ!" ಇಳಿಯುತ್ತಾ, "ಬಡಗೀನ ಕಳಿಸ್ತೀನಿ ಟೈಲರೇ!" ಎಂದು ಕೂಗಿದರು.

ಬಡಗಿ ಗರಗಸ ಹಿಡಿದು ಬಂದಾಗ ಹನ್ನೆರಡು ಗಂಟೆ. ಮೆಟ್ಟಿಲ ಮೇಲೆ ಎರಡು ಚೂಡಿದಾರ, ಒಂದು ಶಾಲೆಯ ಚಡ್ಡಿ, ಯಾರದೋ ಕೋಟು. ನಡುವೆ ಕೊರಳಿಗೆ ಟೇಪು ಹಾಕಿಕೊಂಡ ಟೈಲರ್. ಬೀರುವಿನ ಬಾಗಿಲು ಮುಚ್ಚಿತ್ತು, ಹಿಂಬದಿಗೆ ಹಲಗೆ ಒರಗಿತ್ತು.

"ಎಲ್ಲಿಂದ ಬಿಚ್ಚಲಿ ಸಾರ್?" ಎಂದು ಬಡಗಿ ಆಚೆಯಿಂದ ಹಲಗೆಗೆ ಕೈಹಾಕಿದ.

ಟೈಲರ್ ತುಟಿಯ ನಡುವಿನ ಗುಂಡುಸೂಜಿ ತೆಗೆದು, ಗಾಬರಿಯಿಂದ ಕೂಗಿದ:

"ತಡಿಯಪ್ಪಾ ತಡಿ! ಒಳಗೆ ಗಿರಾಕಿ ಇದ್ದಾರೆ!"